ತಂತ್ರಸಂದೇಹ: ಸಂದೇಶ ಯಾರಿಗೆ, ಬಂದದ್ದು ಯಾರಿಂದ?

ಪ್ರಶ್ನೆ: ಲಿನಕ್ಸ್‌ನಲ್ಲಿ ನಮ್ಮದೊಂದು ಸರ್ವರ್, ಅದಕ್ಕೆ ಹತ್ತಾರು ಕ್ಲೈಂಟ್. ಎಲ್ಲಕ್ಕೂ ಒಂದೇ ಸಿಸ್ಟಮ್ ಫೈವ್ ಮೆಸೇಜ್ ಕ್ಯೂ (ಓಡುತ್ತಿರುವ ಪ್ರೋಗ್ರಾಮ್‌ಗಳು, ಅಂದರೆ ಪ್ರೊಸೆಸ್‌ಗಳು, ಪರಸ್ಪರ ಸಂದೇಶ ಹಾಕಿ ತೆಗೆಯುವ ಸಾಲು). ಪ್ರತಿ ಸಂದೇಶಕ್ಕೂ ಟೈಪ್ ಎಂಬ ಸಂಖ್ಯೆ; ಅದನ್ನು ನೋಡಿಯೇ ಪ್ರೊಸೆಸ್‌ಗಳು ತಮ್ಮದನ್ನು ಆರಿಸುತ್ತವೆ. ಕೋರಿಕೆಗಳ ಟೈಪ್ 1. ಉತ್ತರಕ್ಕೆ ಆಯಾ ಕ್ಲೈಂಟಿನ ಪಿಐಡಿಯೇ (ಪ್ರೊಸೆಸ್ಸಿಗೆ ಲಿನಕ್ಸ್ ಕೊಡುವ ಗುರುತಿನ ಸಂಖ್ಯೆ) ಟೈಪ್. ವಾರಗಟ್ಟಲೆ ಚೆನ್ನಾಗಿ ನಡೆದು, ಒಮ್ಮೊಮ್ಮೆ ಒಂದರ ಉತ್ತರ ಇನ್ನೊಂದಕ್ಕೆ ಹೋಗುತ್ತದೆ. ಏಕೆ? (ಹುಬ್ಬಳ್ಳಿ)

ಉತ್ತರ: ಪಿಐಡಿ ಎಂದರೆ ಬಸ್ಸಿನ ಸೀಟ್ ನಂಬರ್. ಒಬ್ಬರು ಇಳಿದ ಮೇಲೆ ಅದೇ ನಂಬರಿನಲ್ಲಿ ಮತ್ತೊಬ್ಬರು ಕೂರುತ್ತಾರೆ. ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಸಾಂಪ್ರದಾಯಿಕ ಮಿತಿಯಾದ 32768 ಮುಟ್ಟಿದೊಡನೆ ಹಿಂದಕ್ಕೆ ಬಂದು ಖಾಲಿ ನಂಬರ್ ಹುಡುಕುತ್ತದೆ. 64 ಬಿಟ್ ಯಂತ್ರದಲ್ಲಿ ಮಿತಿಯನ್ನು 4194304ರವರೆಗೆ ಏರಿಸಬಹುದು. ಅದರಿಂದ ದೋಷ ಅಪರೂಪವಾದೀತೇ ಹೊರತು ಹೋಗದು.

ಕ್ಯೂ ಇರುವುದು ಕರ್ನಲ್‌ನಲ್ಲಿ. ಬಳಸುತ್ತಿದ್ದ ಪ್ರೊಸೆಸ್ ಸತ್ತರೂ ಅದು ಉಳಿಯುತ್ತದೆ. ಉತ್ತರಕ್ಕೆ ಕಾಯುತ್ತಿದ್ದ ಕ್ಲೈಂಟ್ ನಡುವೆಯೇ ಕ್ರ್ಯಾಶ್ ಆದರೆ ಅದರ ಉತ್ತರ ವಾರಸುದಾರರಿಲ್ಲದೆ ಅಲ್ಲೇ ಬಿದ್ದಿರುತ್ತದೆ. ಮುಂದೆ ಅದೇ ಪಿಐಡಿ ಪಡೆದ ಹೊಸ ಕ್ಲೈಂಟ್ ಅದನ್ನು ತನ್ನದೆಂದೇ ಎತ್ತಿಕೊಳ್ಳುತ್ತದೆ. ನಿಮ್ಮ ಕ್ಲೈಂಟ್‌ಗಳು ಬೇರೆ ಬೇರೆ ಕಂಟೇನರ್‌ಗಳಲ್ಲಿದ್ದು (ಒಂದೇ ಕರ್ನಲ್ ಮೇಲೆ ಪ್ರತ್ಯೇಕಿಸಿದ ಕೋಣೆಗಳಂಥವು) ಐಪಿಸಿ ನೇಮ್‌ಸ್ಪೇಸ್ (ಕ್ಯೂಗಳು ಕಾಣುವ ವ್ಯಾಪ್ತಿ) ಮಾತ್ರ ಹಂಚಿಕೊಂಡಿದ್ದರೆ ಇಷ್ಟು ಕಾಯಬೇಕಾಗಿಯೂ ಇಲ್ಲ: ಪ್ರತಿ ಕಂಟೇನರಿನ ಮೊದಲ ಪ್ರೊಸೆಸ್ ತನ್ನನ್ನು 1 ಎಂದೇ ಭಾವಿಸುತ್ತದೆ. ನಿಮ್ಮ ಕೋರಿಕೆಗಳ ಟೈಪ್ ಕೂಡ 1! ಹಾಗಾಗಿ ಕ್ಲೈಂಟ್ ಕೋರಿಕೆಯನ್ನೇ ತನ್ನ ಉತ್ತರವೆಂದು ಎತ್ತಿಕೊಂಡೀತು.

ಮೂರು ತಿದ್ದುಪಡಿ ಮಾಡಿ. ಒಂದು, ಪ್ರತಿ ಕೋರಿಕೆಯ ಒಳಗೆ 64 ಬಿಟ್‌ನ ಯಾದೃಚ್ಛಿಕ ಸಂಖ್ಯೆ ಇಡಿ. ಸರ್ವರ್ ಅದನ್ನೇ ಉತ್ತರದಲ್ಲಿ ಮರಳಿಸಲಿ. ಹೊಂದದ ಉತ್ತರವನ್ನು ಕ್ಲೈಂಟ್ ಎಸೆಯಲಿ. ಎರಡು, ಕ್ಲೈಂಟ್ ಶುರುವಾದೊಡನೆ ತನ್ನ ಟೈಪಿನ ಹಳೆಯ ಸಂದೇಶಗಳನ್ನು ‘ಕಾಯಬೇಡ’ ಫ್ಲ್ಯಾಗ್ ಹಾಕಿ, ‘ಸಂದೇಶವಿಲ್ಲ’ ಎಂಬ ಎರರ್ ಬರುವವರೆಗೆ ಓದಿ ಖಾಲಿ ಮಾಡಲಿ. ಮೂರು, ಕೋರಿಕೆಗೊಂದು, ಉತ್ತರಕ್ಕೊಂದು ಬೇರೆ ಕ್ಯೂ ಇರಲಿ. ಈ ಕೊನೆಯದನ್ನು ನೀವು ಕೇಳಿಲ್ಲ, ಆದರೂ ಮುಖ್ಯ. ಒಂದು ಕ್ಯೂಗೆ ಡೀಫಾಲ್ಟ್ ಮಿತಿ 16384 ಬೈಟ್. ಕೋರಿಕೆಗಳೇ ಅದನ್ನು ತುಂಬಿಬಿಟ್ಟರೆ ಸರ್ವರ್ ಒಂದನ್ನು ತೆಗೆಯುತ್ತದೆ, ಆ ಜಾಗಕ್ಕೆ ಕಾದು ನಿಂತ ಮತ್ತೊಂದು ಕೋರಿಕೆ ನುಗ್ಗುತ್ತದೆ, ಉತ್ತರ ಹಾಕಲು ಜಾಗವಿಲ್ಲದೆ ಸರ್ವರ್ ನಿಲ್ಲುತ್ತದೆ. ಅಲ್ಲಿಗೆ ಡೆಡ್‌ಲಾಕ್. ಸತ್ತವರ ಉತ್ತರಗಳು ರಾಶಿಬಿದ್ದರೂ ಇದೇ ಗತಿ. ಈಗ ಎಷ್ಟು ತುಂಬಿದೆ ಎಂದು ‘ಐಪಿಸಿಎಸ್’ ಆದೇಶದಲ್ಲಿ ನೋಡಿಕೊಳ್ಳಿ.

ಹೊಸದಾಗಿ ಬರೆಯುವುದಾದರೆ ಈ ವ್ಯವಸ್ಥೆಯೇ ಬೇಡ. ಯುನಿಕ್ಸ್ ಡೊಮೈನ್ ಸಾಕೆಟ್ (ಒಂದೇ ಯಂತ್ರದ ಪ್ರೊಸೆಸ್‌ಗಳ ನಡುವಿನ ಸಂಪರ್ಕ ಬಿಂದು) ಬಳಸಿ. ಅಲ್ಲಿ ಪ್ರತಿ ಕ್ಲೈಂಟಿಗೂ ಪ್ರತ್ಯೇಕ ಸಂಪರ್ಕ. ಕ್ಲೈಂಟ್ ಸತ್ತರೆ ಸಂಪರ್ಕ ಕಡಿದು ಸರ್ವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಸಂದೇಶ ಕಳಿಸಿದವರು ಯಾರೆಂದು ಖಚಿತಪಡಿಸಿಕೊಳ್ಳಲು, ಸಂದೇಶದೊಳಗೇ ಪಿಐಡಿ ಬರೆಯಿಸಿದರೆ ಸಾಲದೇ? (ತುಮಕೂರು)

ಉತ್ತರ: ಸಾಲದು. ಅಲ್ಲಿ ಯಾರು ಏನನ್ನಾದರೂ ಬರೆಯಬಹುದು. ಯುನಿಕ್ಸ್ ಸಾಕೆಟ್ಟಿನಲ್ಲಿ ‘ಪೀರ್‌ಕ್ರೆಡ್’ ಆಯ್ಕೆಯಿಂದ ಕರ್ನಲ್‌ನ್ನೇ ಕೇಳಿ. ಎದುರಿನವರ ಪಿಐಡಿ, ಯೂಸರ್ ಐಡಿ, ಗ್ರೂಪ್ ಐಡಿ ಮೂರನ್ನೂ ಅದು ಕೊಡುತ್ತದೆ. ಆದರೆ ಇದು ಸಂಪರ್ಕ ಕೂಡಿದ ಕ್ಷಣದ ಚಿತ್ರ. ಆಮೇಲೆ ಆ ಪ್ರೊಸೆಸ್ ಫೋರ್ಕ್ ಆಗಿ (ತನ್ನದೇ ಪ್ರತಿ ಮಾಡಿಕೊಂಡು), ಮಗು ಪ್ರೊಸೆಸ್ಸೇ ಆ ಸಾಕೆಟ್ಟಿನಲ್ಲಿ ಮಾತಾಡುತ್ತಿರಬಹುದು. ಹಾಗಾಗಿ ಅನುಮತಿಯನ್ನು ಯೂಸರ್ ಐಡಿ ನೋಡಿ ಕೊಡಿ. ಪಿಐಡಿ ಲಾಗ್‌ಗೆ ಸಾಕು. ಪಿಐಡಿ ಹಿಡಿದು ಪ್ರೋಗ್ರಾಮಿನ ಹೆಸರು ಹುಡುಕಿ ಅನುಮತಿ ಕೊಡುವವರಿದ್ದಾರೆ. ಅದು ಭದ್ರತೆಯಲ್ಲ.

ಪ್ರಶ್ನೆ: ಪ್ರೊಸೆಸ್‌ಗಳ ನಡುವಿನ ನೇರ ಮತ್ತು ಪರೋಕ್ಷ ಸಂವಹನದ ವ್ಯತ್ಯಾಸ? ಪರೀಕ್ಷೆಗೆ ಬೇಕು. (ಹಾಸನ)

ಉತ್ತರ: ನೇರದಲ್ಲಿ ಕಳಿಸುವಾಗ ಪ್ರೊಸೆಸ್ಸನ್ನೇ ಹೆಸರಿಸಬೇಕು, ಒಂದು ಜೋಡಿಗೆ ಒಂದೇ ಕೊಂಡಿ. ಇಬ್ಬರೂ ಪರಸ್ಪರ ಹೆಸರಿಸಿದರೆ ಸಮಮಿತ, ಕಳಿಸುವವರು ಮಾತ್ರ ಹೆಸರಿಸಿದರೆ ಅಸಮಮಿತ. ಪರೋಕ್ಷದಲ್ಲಿ ಹೆಸರು ಇರುವುದು ಮೇಲ್‌ಬಾಕ್ಸ್ ಅಥವಾ ಪೋರ್ಟಿಗೆ. ಒಂದನ್ನೇ ಹಲವರು ಬಳಸಬಹುದು. ಉದಾಹರಣೆಗೆ ಪಾಸಿಕ್ಸ್ ಮೆಸೇಜ್ ಕ್ಯೂ, ಮ್ಯಾಕ್ (Mach) ಕರ್ನಲ್‌ನ ಪೋರ್ಟ್ ಬರೆಯಿರಿ.

ಪ್ರಶ್ನೆ: ಪಿಐಡಿ ಬರೆದಿಟ್ಟ ಫೈಲ್ ಓದಿ ಹಳೆಯ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಸಿಗ್ನಲ್ ಕಳಿಸುತ್ತೇವೆ. ತಪ್ಪು ಪ್ರೊಸೆಸ್ ಸಾಯದಂತೆ ನೋಡಿಕೊಳ್ಳುವುದು ಹೇಗೆ? (ಮಂಗಳೂರು)

ಉತ್ತರ: ಪಿಐಡಿಎಫ್‌ಡಿ ಬಳಸಿ; ಇದು ನಂಬರನ್ನಲ್ಲ, ಆ ಒಂದು ಪ್ರೊಸೆಸ್ಸನ್ನೇ ಹಿಡಿದಿರುವ ಹಿಡಿಕೆ. ಅದನ್ನು ತೆರೆಯುವ ಕರೆ ಲಿನಕ್ಸ್ 5.3ರಿಂದ, ಅದರ ಮೂಲಕ ಸಿಗ್ನಲ್ ಕಳಿಸುವ ಕರೆ 5.1ರಿಂದ ಇದೆ. ಇಲ್ಲಿ ಅನುಕ್ರಮವೇ ಎಲ್ಲ: ಮೊದಲು ಪಿಐಡಿಎಫ್‌ಡಿ ತೆರೆಯಿರಿ, ಆಮೇಲೆ ಪ್ರೊಸೆಸ್‌ಗಳ ವಿವರ ತೋರಿಸುವ ಪ್ರೊಕ್ ಫೈಲ್ ವ್ಯವಸ್ಥೆಯಲ್ಲಿ ಆ ಪಿಐಡಿಯ ‘ಸ್ಟ್ಯಾಟ್’ ಓದಿ 22ನೇ ಅಂಕಣದ ಆರಂಭಕಾಲವನ್ನು ನೀವು ಮೊದಲೇ ಬರೆದಿಟ್ಟದ್ದರೊಡನೆ ಹೋಲಿಸಿ, ಹೊಂದಿದರೆ ಮಾತ್ರ ಸಿಗ್ನಲ್ ಕಳಿಸಿ. ಹೋಲಿಸಿದ ಮೇಲೆ ತೆರೆದರೆ ನಡುವಿನ ಕ್ಷಣದಲ್ಲಿ ಪ್ರೊಸೆಸ್ ಬದಲಾಗಿರಬಹುದು. ಅಂಕಣ ಎಣಿಸುವಾಗ ಎಚ್ಚರ: ಎರಡನೆಯ ಅಂಕಣದ ಪ್ರೋಗ್ರಾಮ್ ಹೆಸರಿನಲ್ಲಿ ಖಾಲಿ ಜಾಗ, ಆವರಣ ಚಿಹ್ನೆ ಇರಬಹುದು, ಕೊನೆಯ ಮುಚ್ಚುವ ಆವರಣದ ನಂತರದ್ದನ್ನು ಮೂರನೆಯದೆಂದು ಹಿಡಿದು ಎಣಿಸಿ. ಆರಂಭಕಾಲ ಯಂತ್ರ ಬೂಟ್ ಆದಾಗಿನಿಂದ ಲೆಕ್ಕ. ಆದ್ದರಿಂದ ಬೂಟ್ ಆದಾಗಲೆಲ್ಲ ಖಾಲಿಯಾಗುವ ‘ರನ್’ ಡೈರೆಕ್ಟರಿಯಲ್ಲೇ ಅದನ್ನು ಬರೆದಿಡಿ.

ಡೀಮನ್ ನಿಮ್ಮದೇ ಮಗು ಪ್ರೊಸೆಸ್ ಆಗಿದ್ದು, ನೀವಿನ್ನೂ ‘ವೇಟ್’ (ಸತ್ತ ಮಗುವಿನ ಫಲಿತಾಂಶ ಪಡೆಯುವ ಕರೆ) ಕರೆದಿಲ್ಲದಿದ್ದರೆ ಇದ್ಯಾವುದೂ ಬೇಡ. ಅದು ಸತ್ತು ಜಾಂಬಿಯಾಗಿದ್ದರೂ ‘ವೇಟ್’ ಆಗುವವರೆಗೆ ಅದರ ನಂಬರನ್ನು ಕರ್ನಲ್ ಬೇರೆಯವರಿಗೆ ಕೊಡುವುದಿಲ್ಲ. ಮಗು ಸತ್ತಾಗ ಬರುವ ‘ಸಿಗ್‌ಚೈಲ್ಡ್’ ಸಿಗ್ನಲ್ಲನ್ನು ಕಡೆಗಣಿಸುವಂತೆ ಹೊಂದಿಸಿದ್ದರೆ ಈ ರಕ್ಷಣೆ ಸಿಗದು.