ಸಮರ್ಥಿಸಿದವರೇ ಯಾಕೆ ನಂಬಿಕೆ ಕಳೆದುಕೊಳ್ಳುತ್ತಾರೆ?

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ನಂಬಿಕೆಯ ಪರ ಜೋರಾಗಿ ವಾದ ಮಾಡಿದವರೂ ಅದನ್ನು ಕಳೆದುಕೊಂಡಿದ್ದಾರಾ ಅಂತ ಕೇಳಿದ್ದೀರಿ. ಹೌದು. ನನಗೆ ತಕ್ಷಣ ನೆನಪಾಗುವುದು ಥಾಮಸ್ ಸ್ಟುವರ್ಟ್ ಫರ್ಗುಸನ್.

ಅವರು ಕ್ಯಾಲಿಫೋರ್ನಿಯಾದ ವಕೀಲರು. ಆ ಪಂಥದ ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥದ ಕಥೆ ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ ನಡೆದದ್ದು ನಿಜ ಅಂತ ಮಣ್ಣು ಅಗೆದೇ ತೋರಿಸಬೇಕು ಅನ್ನುವ ಆಸೆ ಅವರದು. ಅದಕ್ಕೇ 1952ರಲ್ಲಿ ಒಂದು ಪುರಾತತ್ವ ಸಂಸ್ಥೆ ಕಟ್ಟಿದರು. ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಅಗೆತ ನಡೆಯಿತು. ಒಳ್ಳೆಯ ಸಂಶೋಧನೆಯೇ ಆಯಿತು, ಆದರೆ ಅವರು ಹುಡುಕಿದ ಕುರುಹು ಸಿಗಲಿಲ್ಲ.

ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಮಾರ್ಮನ್ ಪಂಥ ಕಟ್ಟಿದ ಜೋಸೆಫ್ ಸ್ಮಿತ್ 1835ರಲ್ಲಿ ಕೊಂಡ ಈಜಿಪ್ಟಿನ ಪಪೈರಸ್ ಹಾಳೆಗಳನ್ನು ಬೈಬಲ್ಲಿನ ಅಬ್ರಹಾಮನ ಬರಹ ಅಂದಿದ್ದರು. ಅವುಗಳ ಕೆಲವು ತುಣುಕು 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಒಂದರಿಂದ ಚರ್ಚಿಗೆ ಮರಳಿದವು. ಫರ್ಗುಸನ್ ಅವುಗಳ ಫೋಟೋಗಳನ್ನು ತಜ್ಞರಿಗೆ ತೋರಿಸಿದರು. ಅವು ಸತ್ತವರ ಜೊತೆ ಇಡುವ ಮಾಮೂಲಿ ಬರಹ ಅಂತ ಗೊತ್ತಾಯಿತು. ಅಬ್ರಹಾಮನ ಬರಹವಿದ್ದ ಮೂಲ ಸುರುಳಿ ಕಳೆದುಹೋಗಿರಬಹುದು ಅನ್ನುವ ಸಮರ್ಥಕರು ಇವತ್ತಿಗೂ ಇದ್ದಾರೆ. ಫರ್ಗುಸನ್‌ಗೆ ಆ ಮಾತು ಸಾಲಲಿಲ್ಲ.

ಆದರೂ ಅವರು ಚರ್ಚ್ ಬಿಡಲಿಲ್ಲ. ಆಪ್ತರ ಬಳಿ ಮಾತ್ರ ಮನಸ್ಸು ಬಿಚ್ಚಿದರು. ಅದನ್ನು ಬೂಟಾಟಿಕೆ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಮನೆಯವರು, ಗೆಳೆಯರು, ಇಡೀ ಬದುಕೇ ಅಲ್ಲಿತ್ತು ಅಲ್ವಾ?