ತುಂಗಾ-ಭದ್ರಾ ಬಯಲಿನ ಮೊದಲ ಬೇಸಾಯಗಾರರ ಊರುಗಳನ್ನು ಅಗೆಯದೇ ಗುರುತಿಸುವುದು ಹೇಗೆ?

ಮುಖ್ಯವಾಗಿ ನಡೆದು. ಉಳುಮೆಯಾದ ಹೊಲದಲ್ಲಿ ಕೆಲವರು ಸಮ ಅಂತರದಲ್ಲಿ ಸಾಲಾಗಿ ನಡೆಯುತ್ತಾ ನೆಲ ನೋಡುತ್ತಾರೆ. ಕೈಯಲ್ಲಿ ಮಾಡಿದ ಬೂದು ಮಡಕೆಯ ಚೂರು, ನಯಗೊಳಿಸಿದ ಕಲ್ಲಿನ ಕೊಡಲಿ, ಬೀಸುಕಲ್ಲಿನ ತುಂಡು, ಬೂದಿ ಬಣ್ಣದ ಮಣ್ಣು ಒಂದೇ ಕಡೆ ಸಿಕ್ಕರೆ ಅಲ್ಲಿ ನವಶಿಲಾಯುಗದ, ಅಂದರೆ ಆ ಮೊದಲ ಬೇಸಾಯಗಾರರ ಕಾಲದ, ನೆಲೆ ಇದ್ದಿರಬಹುದು. ಪ್ರತಿಯೊಂದರ ಜಾಗವನ್ನೂ ಜಿಪಿಎಸ್‌ನಲ್ಲಿ ದಾಖಲಿಸುತ್ತಾರೆ.

ಕಷ್ಟ ಇರುವುದು ಹೀಗೆ ಸಿಕ್ಕಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ. ಹೊಳೆ ಉರುಳಿಸಿ ತಂದ ಚೂರಿನ ಅಂಚು ಸವೆದಿರುತ್ತದೆ. ಅಲ್ಲೇ ಒಡೆದದ್ದರ ಅಂಚು ಚೂಪು. ನಮ್ಮ ಕಡೆ ಇನ್ನೊಂದು ತೊಡಕು: ಕೆರೆಯ ಹೂಳನ್ನು ಗದ್ದೆ-ತೋಟಕ್ಕೆ ಹೊಡೆಯುತ್ತೇವೆ, ಅದರ ಜೊತೆ ಹಳೆಯ ಚೂರುಗಳೂ ಬರುತ್ತವೆ. ಹಾಗಾಗಿ ಮಣ್ಣು ಎಲ್ಲಿಂದ ತಂದದ್ದೆಂದು ರೈತರನ್ನು ಕೇಳದೆ ಮಾಡಿದ ಸರ್ವೆಯನ್ನು ನಾನು ನಂಬುವುದಿಲ್ಲ. ಮೆಕ್ಕಲು ಮಣ್ಣು ಮುಚ್ಚಿದ ನೆಲೆಗಳು ಮೇಲಿನಿಂದ ಕಾಣವು. ಅದಕ್ಕೆ ಬಾವಿ, ಕಾಲುವೆ, ಹೊಳೆದಂಡೆಯ ಕಡಿತಗಳನ್ನು ನೋಡಬೇಕು. ತೀರ್ಥಹಳ್ಳಿ ಕಡೆಯ ಕಾಡಿನಲ್ಲಂತೂ ತರಗೆಲೆಯೇ ಎಲ್ಲವನ್ನೂ ಮುಚ್ಚುತ್ತದೆ.

ಖಚಿತ ಕಾಲನಿರ್ಣಯಕ್ಕೆ ಮಾತ್ರ ಉತ್ಖನನ ಬೇಕೇ ಬೇಕು. ತುಂಗಾ-ಭದ್ರಾ ಸೇರುವ ಕೂಡ್ಲಿ ಸಂಗಮದಿಂದ ಕೆಳಗೆ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ (ಈಗ ಹಾವೇರಿ ಜಿಲ್ಲೆ) ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ಪದರಗಳು ಸಿಕ್ಕವು. ದಕ್ಷಿಣದ ಇಂಥ ನೆಲೆಗಳ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ.

ನಿಮ್ಮ ಹೊಲದಲ್ಲಿ ಕಲ್ಲಿನ ಕೊಡಲಿ ಕಂಡರೆ ದಯವಿಟ್ಟು ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.