ಒಂದು ಚಂದವೇ, ಎರಡು ಚಂದವೇ?

(ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿದವರು ಉಡುಪಿ ಜಿಲ್ಲೆಯಲ್ಲಿ ಪತಿಯೊಂದಿಗೆ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಅಳೆಯುವ ವಿದ್ಯೆಯ ಪಾಠ ಮಾಡಿ ನಿವೃತ್ತರಾದ ಅಧ್ಯಾಪಕಿ.)

ನೀವೂ ನಿಮ್ಮ ಯಜಮಾನರೂ ಇಪ್ಪತ್ತೆಂಟು ವರ್ಷ ಒಂದೇ ವಿಭಾಗದಲ್ಲಿ ಕಲಿಸಿದಿರಂತೆ. ಜಗಳವಾಗಲಿಲ್ಲವೇ?
– ಓದುಗಿ, ಬ್ರಹ್ಮಾವರ

ಆಗದೆ ಇರುತ್ತದೆಯೇ? ಆದರೆ ಇಪ್ಪತ್ತೆಂಟು ವರ್ಷವೂ ಅದೇ ಒಂದು ಜಗಳ.

ಅವರದು ರೆಟಿನೋಸ್ಕೋಪ್ ಪಾಠ. ಕತ್ತಲೆ ಕೋಣೆಯಲ್ಲಿ ಕಣ್ಣಿನ ಮೇಲೆ ಬೆಳಕಿನ ಗೆರೆ ಹಾಯಿಸಿದರೆ ಪಾಪೆಯೊಳಗೆ ಕೆಂಪು ಹೊಳಪೊಂದು ಓಡುತ್ತದೆ. ಬೆಳಕಿನ ಜೊತೆಗೇ ಓಡಿದರೆ ಪ್ಲಸ್ ಲೆನ್ಸ್, ಎದುರಾಗಿ ಓಡಿದರೆ ಮೈನಸ್. ಓಟ ನಿಂತಲ್ಲಿ ಲೆಕ್ಕ ಸಿಕ್ಕಿತು. ನಾವು ಕುಳಿತುಕೊಳ್ಳುವುದು ಸುಮಾರು 67 ಸೆಂಟಿಮೀಟರ್ ದೂರದಲ್ಲಿ. ಆ ದೂರದ ಬಾಬ್ತು ಒಂದೂವರೆ ಡಯಾಪ್ಟರ್ (ಲೆನ್ಸಿನ ಪವರಿನ ಅಳತೆ) ಕಳೆಯಬೇಕು. ಮರೆಯುವವರು ಪ್ರತಿ ಬ್ಯಾಚಿನಲ್ಲೂ ಇದ್ದರು. "ಒಂದೂವರೆ ಎಲ್ಲಿಗೆ ಹೋಯಿತು?" ಎಂಬ ಅವರ ಗುಡುಗು ಕಾರಿಡಾರಿನ ಕೊನೆಯವರೆಗೆ ಕೇಳುತ್ತಿತ್ತು. ಮನೆಯಲ್ಲಿ ಬಂಗುಡೆಯ ಲೆಕ್ಕ ತಪ್ಪಿದರೂ ನನಗೆ ಅದೇ ಪ್ರಶ್ನೆ.

ರೆಟಿನೋಸ್ಕೋಪ್ ಮುಂದೆ ರೋಗಿ ಬಾಯಿ ತೆರೆಯಬೇಕಾಗಿಲ್ಲ. ಮಾತು ಬಾರದ ಮಗುವಿಗೂ ಪವರ್ ಹೇಳಬಹುದು. ಅವರಿಗೆ ಅದೇ ಹೆಮ್ಮೆ. ನನ್ನ ಪಾಠ ಶುರುವಾಗುತ್ತಿದ್ದುದು ಬಾಯಿ ತೆರೆದ ಮೇಲೆ: ಲೆನ್ಸ್ ತಿರುಗಿಸಿ ತಿರುಗಿಸಿ "ಒಂದು ಚಂದವೇ, ಎರಡು ಚಂದವೇ?" ಎಂದು ಕೇಳುವುದು. ನಮ್ಮ ಕಡೆಯ ಹಿರಿಯರದು ಸಂಕೋಚದ ಸ್ವಭಾವ. "ರಡ್ಡ್‌ಲಾ ಎಡ್ಡೆ ಉಂಡು" ಎಂದುಬಿಡುತ್ತಾರೆ. ಎರಡೂ ಚೆನ್ನಾಗಿದೆ! "ಇದನ್ನು ನಂಬಿ ಕನ್ನಡಕ ಬರೆಯುತ್ತೀಯಾ?" ಎಂದು ಯಜಮಾನರು. ಹಾಕಿಕೊಳ್ಳುವವರು ಅವರೇ ಅಲ್ಲವೇ ಎಂದು ನಾನು.

ಒಮ್ಮೆ ಶಂಕರಪುರದ ಕಡೆಯ ಮಲ್ಲಿಗೆ ಕಟ್ಟುವ ಹೆಂಗಸೊಬ್ಬರು ಹೊಸ ಚಾಳೀಸು ಹಿಡಿದು ವಾಪಸು ಬಂದರು. ಲೆಕ್ಕವೆಲ್ಲ ಸರಿಯಿತ್ತು, ಯಜಮಾನರೇ ಎರಡು ಸಲ ನೋಡಿದರು. ನಾನು ಬಾಳೆನಾರು ಕೊಟ್ಟು, ಕಟ್ಟಿ ತೋರಿಸಿ ಎಂದೆ. ಅವರು ನೆಲದ ಮೇಲೆ ಕುಳಿತರು, ಕೈಗಳು ಮಡಿಲಿಗೆ ಇಳಿದವು. ಪುಸ್ತಕ ಓದುವ 40 ಸೆಂಟಿಮೀಟರ್ ದೂರವೆಲ್ಲಿ, ಆ ಮಡಿಲೆಲ್ಲಿ! ದೂರ ಹೆಚ್ಚಿದಷ್ಟು ಪವರ್ ಕಡಿಮೆ ಸಾಕು, ಇಳಿಸಿಕೊಟ್ಟೆವು. ಯಜಮಾನರು ಆ ದಿನ ಏನೂ ಹೇಳಲಿಲ್ಲ. ಮುಂದಿನ ವರ್ಷ ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ, ಓದುವ ಚಾರ್ಟಿನ ಪಕ್ಕದಲ್ಲಿ ಬಾಳೆನಾರಿನ ಸುರುಳಿಯೊಂದು ಇತ್ತು. ಇಟ್ಟವರು ಯಾರೆಂದು ಇಂದಿಗೂ ಒಪ್ಪಿಕೊಂಡಿಲ್ಲ.

ಕಣ್ಣು ಪರೀಕ್ಷೆಗೆ ಕನ್ನಡ ಅಕ್ಷರ ಬಿಟ್ಟು ಇಂಗ್ಲಿಷಿನ "ಇ" ಯಾಕೆ ತೋರಿಸುತ್ತಾರೆ?
– ಓದುಗ, ಕಾರ್ಕಳ

ಕನ್ನಡದ ಚಾರ್ಟೂ ಇದೆ. ಆದರೆ ಡಚ್ ಕಣ್ಣಿನ ವೈದ್ಯ ಸ್ನೆಲೆನ್ 1862ರಲ್ಲಿ ತಂದ ಚಾರ್ಟಿನ ಅಕ್ಷರಗಳು ಐದು ಮನೆ ಉದ್ದ, ಐದು ಮನೆ ಅಗಲದ ಚೌಕದಲ್ಲಿ ಕೂರುವಂಥವು. ನಮ್ಮ ಅಕ್ಷರಗಳ ದುಂಡುತನ ಆ ಚೌಕಕ್ಕೆ ಬಗ್ಗುವುದಿಲ್ಲ. ಮೇಲಾಗಿ "ದ"ಕ್ಕೂ "ಧ"ಕ್ಕೂ ಇರುವುದು ಒಂದು ಸಣ್ಣ ಗೀಟಿನ ವ್ಯತ್ಯಾಸ. ಅಜ್ಜಿ ತಪ್ಪಿ ಓದಿದರೆ ಅದು ಕಣ್ಣಿನ ದೋಷವೇ, ಶಾಲೆ ಬಿಟ್ಟದ್ದರ ದೋಷವೇ? "ಇ" ಇದ್ದರೆ ಓದುವ ಗೋಜೇ ಇಲ್ಲ. "ಬಾಚಣಿಗೆಯ ಹಲ್ಲು ಯಾವ ಕಡೆಗಿದೆ?" ಎಂದು ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಮಕ್ಕಳೂ ಅಜ್ಜಿಯರೂ ಬೆರಳು ತೋರಿಸುತ್ತಿದ್ದರು.

ಮಗಳಿಗೆ ಆಪ್ಟೊಮೆಟ್ರಿ ಸೇರುವ ಆಸೆ. ಕನ್ನಡಕ ಮಾರುವ ಕೆಲಸಕ್ಕೆ ಪದವಿ ಬೇಕೇ?
– ಓದುಗ, ಪುತ್ತೂರು

ಮಾರುವುದಕ್ಕೆ ಬೇಡ, ಅಳೆಯುವುದಕ್ಕೆ ಬೇಕು. ಕೊನೆಯ ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಓದು. ಗಣಿತಕ್ಕೆ ಹೆದರದಿದ್ದರೆ, ಒಂದೇ ಪ್ರಶ್ನೆಯನ್ನು ದಿನಕ್ಕೆ ಐವತ್ತು ಸಲ ಕೇಳುವ ತಾಳ್ಮೆಯಿದ್ದರೆ ಕಳುಹಿಸಿ.

ನನಗೆ 46, ಅವರಿಗೆ 50. ಒಂದೇ ಚಾಳೀಸನ್ನು ಇಬ್ಬರೂ ಹಾಕಿಕೊಳ್ಳುತ್ತೇವೆ. ಕಣ್ಣು ಹಾಳಾಗುತ್ತದೆಯೇ?
– ಓದುಗಿ, ಕಾಪು

ಹಾಳಾಗುವುದಿಲ್ಲ. ಆದರೆ ಇಬ್ಬರ ಪವರ್ ಬೇರೆ, ಪಾಪೆಗಳ ನಡುವಿನ ಅಂತರವೂ ಬೇರೆ, ತಲೆನೋವು ಬರಬಹುದು. ಎರಡು ಮಾಡಿಸಿ. ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ, ಕಣ್ಣಿನ ನರ ಸವೆಸುವ ಗ್ಲಾಕೋಮಾ ಕಾಯಿಲೆ ಹೆಚ್ಚಾಗಿ ನೋವಿಲ್ಲದೆ ಬರುತ್ತದೆ.

ನಮ್ಮ ಮನೆಯಲ್ಲಿ ಚಾಳೀಸು ಎರಡಿವೆ. ಆದರೂ ಬೆಳಿಗ್ಗೆ ನನ್ನದನ್ನು ಏರಿಸಿಕೊಂಡು ಉದಯವಾಣಿ ಓದುತ್ತಿರುತ್ತಾರೆ. ನಿಮ್ಮದು ಚಂದವೇ, ನನ್ನದು ಚಂದವೇ ಎಂದು ಕೇಳಿದರೆ ತಲೆ ಎತ್ತದೆ, "ರಡ್ಡ್‌ಲಾ ಎಡ್ಡೆ ಉಂಡು" ಎನ್ನುತ್ತಾರೆ.